ಶಿಶುಹೃದಯವೈದ್ಯೆ ಡಾ॥ ಹೆಲೆನ್ ಟಾಸಿಗ್

ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ಏದುಸಿರು ಬಿಡುತ್ತ, ಮೊಣಕಾಲುಗಳನ್ನು ಎದೆಗೊತ್ತಿಕೊಂಡು ಕುಕ್ಕರಗಾಲಿನಲ್ಲಿ ಕುಳಿತುಬಿಡುವ ಮಗು; ನೇರಳೆಹಣ್ಣು ತಿಂದಂತೆ ತುಟಿ, ನಾಲಗೆ, ಉಗುರುಗಳೆಲ್ಲ ನೀಲಿಗಟ್ಟಿದ ಮಗು. ಇಂತಹ ಮಕ್ಕಳು ಎಲ್ಲ ದೇಶಗಳಲ್ಲಿಯೂ ಎಲ್ಲ ಕಾಲಗಳಲ್ಲಿಯೂ ಹುಟ್ಟುತ್ತಲೇ ಬಂದಿವೆ. ಅವುಗಳ ಬೇನೆ ಹೃದಯದ ರಚನೆಯಲ್ಲಿಯೇ ಇದೆಯೆಂಬುದನ್ನು ವೈದ್ಯರು ಬಹುಕಾಲದಿಂದ ಬಲ್ಲವರಾಗಿದ್ದರೂ, ಬಲ್ಲುದರಿಂದ ಮಗುವಿಗೆ ಆಗುತ್ತಿದ್ದ ಪ್ರಯೋಜನ ಅಷ್ಟಕ್ಕಷ್ಟೆ. ಉಸಿರು ಕಟ್ಟಿದಾಗ ಆಮ್ಲಜನಕ ಕೊಡುವುದು, ತಾಯಿತಂದೆಗಳಿಗೆ ಸಮಾಧಾನ ಹೇಳುವುದು, ಇಷ್ಟರಲ್ಲಿ ವೈದ್ಯವಿದ್ಯೆ ಮುಗಿಯುತ್ತಿತ್ತು. ಹರೆಯ ಕಾಣುವ ಮುನ್ನವೇ ಆ ಮಕ್ಕಳಲ್ಲಿ ಬಹುಪಾಲು ಕಣ್ಣು ಮುಚ್ಚುತ್ತಿದ್ದವು. ಈ ಸ್ಥಿತಿಯನ್ನು ಬದಲಿಸಿದವರಲ್ಲಿ ಮೊದಲ ಸಾಲಿನಲ್ಲಿ ನಿಲ್ಲುವವರು ಅಮೆರಿಕಾದ ವೈದ್ಯೆ ಹೆಲೆನ್ ಬ್ರೂಕ್ ಟಾಸಿಗ್. ಬದಲಿಸಿದ್ದು ದೊಡ್ಡದು, ಬದುಕಿದ ಮಕ್ಕಳ ಕೈಯನ್ನು ಅವರು ನಡುವಯಸ್ಸಿಗೆ ಬರುವವರೆಗೂ ಬಿಡದೆ ಹಿಡಿದಿದ್ದು ಅದಕ್ಕಿಂತ ಸಣ್ಣದಲ್ಲ.

ಹೆಲೆನ್ ಹುಟ್ಟಿದ್ದು 1898ರ ಮೇ 24ರಂದು, ಮ್ಯಾಸಚೂಸೆಟ್ಸ್ ಸಂಸ್ಥಾನದ ಕೇಂಬ್ರಿಜ್ ಪಟ್ಟಣದಲ್ಲಿ. ತಂದೆ ಫ್ರಾಂಕ್ ಟಾಸಿಗ್ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರು. ಸುಂಕನೀತಿಯ ವಿಷಯದಲ್ಲಿ ಅವರ ಮಾತಿಗೆ ದೇಶದಲ್ಲಿಯೇ ಮನ್ನಣೆ ಇತ್ತು. ತಾಯಿ ಈಡಿತ್ ಗಿಲ್ಡ್ ಸ್ತ್ರೀಯರ ಕಾಲೇಜಾದ ರ‍್ಯಾಡ್‌ಕ್ಲಿಫ್‌ನ ಮೊದಮೊದಲ ವಿದ್ಯಾರ್ಥಿನಿಯರಲ್ಲಿ ಒಬ್ಬರು. ಇಂತಹ ವಿದ್ಯಾವಂತರ ಮನೆಯಲ್ಲಿ ಹುಟ್ಟಿದ ಈ ಕಿರಿಯ ಮಗಳಿಗೆ ಓದೇ ದೊಡ್ಡ ಶತ್ರುವಾಗಿತ್ತೆಂದರೆ ಆಶ್ಚರ್ಯವಾದೀತು. ಅಕ್ಷರಗಳು ಕಣ್ಣೆದುರಿಗೆ ಅದಲುಬದಲಾಗಿ ಕಾಣುವ ತೊಡಕು ಅವರಿಗಿತ್ತು. ಇಂದು ಅದಕ್ಕೆ ಡಿಸ್‌ಲೆಕ್ಸಿಯಾ ಎಂಬ ಹೆಸರಿದೆ. ಅಂದು ಇದ್ದ ಹೆಸರು ದಡ್ಡತನ. ತರಗತಿಯಲ್ಲಿ ಗಟ್ಟಿಯಾಗಿ ಓದಬೇಕಾದಾಗ ಆ ಹುಡುಗಿ ಕುಗ್ಗಿಹೋಗುತ್ತಿದ್ದಳು. ಮಗಳನ್ನು ಗದರಿಸದೆ, ಬಿಡುವು ಮಾಡಿಕೊಂಡು ಪಕ್ಕದಲ್ಲಿ ಕೂರಿಸಿಕೊಂಡು ತಾಳ್ಮೆಯಿಂದ ಓದಿಸಿದವರು ತಂದೆ. ಹನ್ನೊಂದನೆಯ ವಯಸ್ಸಿನಲ್ಲಿ ತಾಯಿ ಕ್ಷಯರೋಗದಿಂದ ತೀರಿಕೊಂಡರು. ಅದೇ ರೋಗದ ಸೋಂಕು ಮಗಳಿಗೂ ತಗಲಿ, ಹಲವು ವರ್ಷ ಅವಳು ದಿನಕ್ಕೆ ಅರ್ಧಹೊತ್ತು ಮಾತ್ರ ಶಾಲೆಗೆ ಹೋಗುವಂತಾಯಿತು. ಬಾಲ್ಯದಲ್ಲಿ ಬಂದ ನಾಯಿಕೆಮ್ಮು ಕಿವಿಗೆ ಮಾಡಿದ ಹಾನಿ ಮುಂದೆ ಯೌವನದಲ್ಲಿ ತನ್ನ ಫಲವನ್ನು ತೋರಿತು.

ರ‍್ಯಾಡ್‌ಕ್ಲಿಫ್‌ನಲ್ಲಿ ಎರಡು ವರ್ಷ ಓದಿ, ಬಳಿಕ ದೂರದ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಬರ್ಕ್ಲಿಯಲ್ಲಿ 1921ರಲ್ಲಿ ಪದವಿ ಪಡೆದು ಮರಳಿದ ಹೆಲೆನ್‌ಗೆ ವೈದ್ಯವಿದ್ಯೆಯ ಕಡೆ ಮನಸ್ಸು ಹೊರಳಿತ್ತು. ಹಾರ್ವರ್ಡ್ ವೈದ್ಯಶಾಲೆಯ ಬಾಗಿಲು ಹೆಂಗಸರಿಗೆ ತೆರೆದದ್ದು 1945ರಲ್ಲಿ. ಸಾರ್ವಜನಿಕ ಆರೋಗ್ಯಶಾಲೆಯಲ್ಲಿ ವಿಚಾರಿಸಿದರೆ, ಹೆಂಗಸರು ಪಾಠಕ್ಕೆ ಬರಬಹುದು, ಪದವಿಯನ್ನು ಮಾತ್ರ ಕೊಡಲಾಗದು ಎಂಬ ಉತ್ತರ ಬಂತು. ಪದವಿಯಿಲ್ಲದ ಓದಿಗೆ ವರ್ಷಗಳನ್ನು ಕಳೆಯುವ ಮೂರ್ಖರು ಯಾರಿದ್ದಾರೆಂದು ಆಕೆ ಕೇಳಿದಾಗ, ಯಾರೂ ಇರಲಾರರೆಂದೇ ತನ್ನ ನಂಬಿಕೆಯೆಂದು ಅಧಿಕಾರಿ ಹೇಳಿ ಕಳುಹಿಸಿದನಂತೆ. ಅಂಗಾಂಶ ಶಾಸ್ತ್ರದ ಪಾಠವನ್ನು ಕೇಳಲು ಅನುಮತಿ ದೊರೆತರೂ, ಗಂಡುಹುಡುಗರಿಂದ ದೂರವಾಗಿ ಕೊಠಡಿಯ ಒಂದು ಮೂಲೆಯಲ್ಲಿ ಒಬ್ಬಂಟಿಯಾಗಿ ಕೂಡಬೇಕಾಗಿತ್ತು. ಬಾಸ್ಟನ್ ವಿಶ್ವವಿದ್ಯಾಲಯದಲ್ಲಿ ಅಂಗರಚನೆಯ ಪಾಠ ಹೇಳುತ್ತಿದ್ದ ಅಲೆಗ್ಸಾಂಡರ್ ಬೆಗ್ ಎಂಬ ಅಧ್ಯಾಪಕರು ಒಂದು ದಿನ ಎತ್ತಿನ ಹೃದಯವೊಂದನ್ನು ಆಕೆಯ ಕೈಗಿತ್ತು, ಒಂದು ದೊಡ್ಡ ಅಂಗದಲ್ಲಿ ಆಸಕ್ತಿ ವಹಿಸಿದರೆ ಕೆಡುಕಾಗದೆಂದು ಸೂಚಿಸಿದರು. ಹೃದಯದ ಸ್ನಾಯುವಿನ ತುಣುಕುಗಳು ದೇಹದಿಂದ ಬೇರ್ಪಟ್ಟ ಮೇಲೂ ಲಯಬದ್ಧವಾಗಿ ಮಿಡಿಯುವ ಬಗೆಯನ್ನು ಕುರಿತು ಹೆಲೆನ್ ಬರೆದ ಲೇಖನ 1925ರಲ್ಲಿ ಪ್ರಕಟವಾಯಿತು. ಬೆಗ್ ಅವರೇ ಆಕೆಯನ್ನು ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್‌ಕಿನ್ಸ್ ವೈದ್ಯಶಾಲೆಗೆ ಹೋಗುವಂತೆ ಪ್ರೇರಿಸಿದರು. ಆ ಶಾಲೆ 1893ರಲ್ಲಿ ಆರಂಭವಾದದ್ದೇ ಸ್ತ್ರೀಯರು ಕೂಡಿಸಿಕೊಟ್ಟ ಧನದಿಂದ. ಗಂಡಸರಿಗೆ ಸಮಾನವಾಗಿ ಹೆಂಗಸರನ್ನೂ ಸೇರಿಸಿಕೊಳ್ಳಬೇಕೆಂಬುದು ಆ ದಾನದ ಷರತ್ತಾಗಿತ್ತು. ದಾನ ಕೊಡುವಾಗ ಷರತ್ತು ಹಾಕುವುದು ಕೆಲವೊಮ್ಮೆ ಎಷ್ಟು ಒಳ್ಳೆಯದು ಎಂಬುದಕ್ಕೆ ಇದೊಂದು ನಿದರ್ಶನ. 1927ರಲ್ಲಿ ಹೆಲೆನ್ ಟಾಸಿಗ್ ಅಲ್ಲಿಂದ ವೈದ್ಯಪದವಿ ಪಡೆದು ಹೊರಬಂದರು.

ಹಾಪ್‌ಕಿನ್ಸ್‌ನ ಮಕ್ಕಳ ಆಸ್ಪತ್ರೆಗೆ ಹ್ಯಾರಿಯೆಟ್ ಲೇನ್ ಹೋಂ ಎಂದು ಹೆಸರು. ಅದರ ಮುಖ್ಯಸ್ಥರಾಗಿದ್ದ ಡಾ॥ ಎಡ್ವರ್ಡ್ಸ್ ಪಾರ್ಕ್ ದೂರದೃಷ್ಟಿಯುಳ್ಳವರು. ಮಕ್ಕಳ ಹೃದ್ರೋಗಕ್ಕೆ ಪ್ರತ್ಯೇಕ ಚಿಕಿತ್ಸಾಲಯವನ್ನು ತೆರೆದು, 1930ರಲ್ಲಿ ಅದರ ಹೊಣೆಯನ್ನು ಈ ತರುಣ ವೈದ್ಯೆಗೆ ವಹಿಸಿದರು. ಆ ಕಾಲದಲ್ಲಿ ಅಲ್ಲಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಕೀಲುವಾತದ ಜ್ವರದಿಂದ ಹೃದಯ ಕೆಟ್ಟ ಮಕ್ಕಳು. ಹುಟ್ಟಿನಿಂದಲೇ ಹೃದಯ ದೋಷವುಳ್ಳ ಮಕ್ಕಳನ್ನೂ ಅಭ್ಯಸಿಸಬೇಕೆಂದು ಪಾರ್ಕ್ ಒತ್ತಾಯಿಸಿದಾಗ ಟಾಸಿಗ್ ಅವರಿಗೆ ಅದು ರುಚಿಸಲಿಲ್ಲ. ಏನೂ ಮಾಡಲಾಗದ ರೋಗವನ್ನು ಎಷ್ಟು ತಿಳಿದೇನು? ಆದರೂ ಹಿರಿಯರ ಮಾತಿನಂತೆ ಕೆಲಸ ಹಿಡಿದರು.

ಇದೇ ಕಾಲಕ್ಕೆ ಅವರ ಶ್ರವಣಶಕ್ತಿ ಬಹುವಾಗಿ ಕುಂದಿತು. ಸ್ಟೆತಾಸ್ಕೋಪನ್ನು ಕಿವಿಗಿಟ್ಟು ಮಿಡಿತದ ಸೂಕ್ಷ್ಮ ಭೇದಗಳನ್ನು ಕೇಳಬೇಕಾದ ಹೃದಯವೈದ್ಯೆಗೆ ಕಿವಿಯೇ ಕೇಳಿಸದೆಂದರೆ ಅದಕ್ಕಿಂತ ದೊಡ್ಡ ಆಘಾತವಿಲ್ಲ. ಟಾಸಿಗ್ ಕಿವಿಯ ಕೆಲಸವನ್ನು ಬೆರಳುಗಳಿಗೆ ಒಪ್ಪಿಸಿದರು. ಮಗುವಿನ ಎದೆಯ ಮೇಲೆ ಅಂಗೈಯಿಟ್ಟು, ಅಲ್ಲಿನ ಕಂಪನದಿಂದಲೇ ಹೃದಯದ ಒಳಗಿನ ಸ್ಥಿತಿಯನ್ನು ಅರಿಯುವ ಅಭ್ಯಾಸ ಮಾಡಿದರು. ಧ್ವನಿಯನ್ನು ಹೆಚ್ಚಿಸುವ ವಿಶೇಷ ಸ್ಟೆತಾಸ್ಕೋಪನ್ನು ಬಳಸಿದರು. ಎದುರಿನವರ ತುಟಿಯ ಚಲನೆಯಿಂದ ಮಾತನ್ನು ಗ್ರಹಿಸುವುದನ್ನು ಕಲಿತರು. ಕ್ಷ-ಕಿರಣದ ಫ್ಲೂರೋಸ್ಕೋಪಿನ ಮುಂದೆ ಮಗುವನ್ನು ಆ ಪಕ್ಕ ಈ ಪಕ್ಕ ತಿರುಗಿಸಿ ನಿಲ್ಲಿಸಿ, ಹೃದಯದ ನೆರಳು ಎಲ್ಲಿ ಉಬ್ಬಿದೆ, ಎಲ್ಲಿ ಬರಿದಾಗಿದೆ ಎಂದು ನೋಡುತ್ತ ಒಂದೊಂದು ದೋಷಕ್ಕೂ ಒಂದೊಂದು ಚಹರೆಯಿದೆಯೆಂಬುದನ್ನು ಕಂಡುಕೊಂಡರು. ತೀರಿಕೊಂಡ ಮಕ್ಕಳ ಹೃದಯಗಳನ್ನು ಪರೀಕ್ಷಿಸಿ ತಮ್ಮ ಊಹೆ ಸರಿಯೋ ತಪ್ಪೋ ಎಂಬುದನ್ನು ತಾಳೆ ನೋಡುತ್ತಿದ್ದರು. ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಇಂತಹ ಹೃದಯಗಳ ಸಂಗ್ರಹಕ್ಕೇ ಜೀವನವನ್ನು ಮುಡಿಪಾಗಿಟ್ಟು, 1936ರಲ್ಲಿ ಅವುಗಳ ಚಿತ್ರಸಂಪುಟವನ್ನು ಹೊರತಂದ ಡಾ॥ ಮಾಡ್ ಅಬಟ್ ಅವರ ಬಳಿಗೂ ಹೋಗಿ ಕಲಿತು ಬಂದರು.

ಹೀಗೆ ನೋಡುತ್ತ ಇರುವಾಗಲೇ ಒಂದು ವಿಚಿತ್ರ ಅವರ ಗಮನಕ್ಕೆ ಬಂತು. ಅದನ್ನು ತಿಳಿಯಲು ಹೃದಯದ ನಡೆಯನ್ನು ಸ್ವಲ್ಪ ನೆನೆಯಬೇಕು. ದೇಹವನ್ನೆಲ್ಲ ಸುತ್ತಿ ಬಂದ ಕಪ್ಪುರಕ್ತ ಹೃದಯದ ಬಲಭಾಗವನ್ನು ಸೇರಿ, ಅಲ್ಲಿಂದ ಶ್ವಾಸಕೋಶಕ್ಕೆ ಹೋಗಿ ಆಮ್ಲಜನಕವನ್ನು ತುಂಬಿಕೊಂಡು ಕೆಂಪಾಗಿ ಎಡಭಾಗಕ್ಕೆ ಮರಳುತ್ತದೆ. ಫ್ರಾನ್ಸಿನ ವೈದ್ಯ ಫ್ಯಾಲೋ 1888ರಲ್ಲಿ ವಿವರಿಸಿದ ಚತುರ್ದೋಷದಲ್ಲಿ ಶ್ವಾಸಕೋಶಕ್ಕೆ ಹೋಗುವ ದಾರಿ ಕಿರಿದಾಗಿರುತ್ತದೆ. ಎಡಬಲ ಹೃತ್ಕುಕ್ಷಿಗಳ ನಡುವಿನ ಗೋಡೆಯಲ್ಲಿ ರಂಧ್ರವಿರುತ್ತದೆ. ಮಹಾಪಧಮನಿ ಎರಡರ ಮೇಲೂ ಕವಲು ನಿಂತಿರುತ್ತದೆ. ಬಲಹೃತ್ಕುಕ್ಷಿಯ ಗೋಡೆ ದಪ್ಪವಾಗಿರುತ್ತದೆ. ಇದರಿಂದ ಬಹಳಷ್ಟು ರಕ್ತ ಶ್ವಾಸಕೋಶವನ್ನು ಕಾಣದೆಯೇ ಕಪ್ಪಾಗಿ ದೇಹಕ್ಕೆ ಮರಳುವುದರಿಂದ ಮಗು ನೀಲಿಯಾಗುತ್ತದೆ. ಇನ್ನು ಗರ್ಭದಲ್ಲಿರುವ ಶಿಶುವಿಗೆ ಶ್ವಾಸಕೋಶದ ಉಸಿರಾಟವಿಲ್ಲದ ಕಾರಣ, ಶ್ವಾಸಕೋಶದ ಅಪಧಮನಿಗೂ ಮಹಾಪಧಮನಿಗೂ ನಡುವೆ ಒಂದು ಒಳದಾರಿ ಇರುತ್ತದೆ. ಡಕ್ಟಸ್ ಎಂದು ಕರೆಯುವ ಈ ನಾಳ ಹುಟ್ಟಿದ ಕೆಲವೇ ದಿನಗಳಲ್ಲಿ ಮುಚ್ಚಿಹೋಗುವುದು ಪ್ರಕೃತಿಧರ್ಮ. ಟಾಸಿಗ್ ಅವರು ಕಂಡದ್ದೇನೆಂದರೆ, ನೀಲಿ ಶಿಶುಗಳಲ್ಲಿ ಈ ನಾಳ ತೆರೆದಿರುವವರೆಗೆ ಮಗು ಹೇಗೋ ತಾಳಿಕೊಂಡಿರುತ್ತಿತ್ತು. ಅದು ಮುಚ್ಚಿದೊಡನೆ ಕಡುನೀಲಿಯಾಗಿ ಕುಸಿಯುತ್ತಿತ್ತು. ಹಾಗಾದರೆ ಆ ಮಕ್ಕಳು ಸಾಯುತ್ತಿದ್ದದ್ದು ಶ್ವಾಸಕೋಶಕ್ಕೆ ರಕ್ತ ಸಾಲದೆ. ಮುಚ್ಚಿದ ನಾಳಕ್ಕೆ ಬದಲಾಗಿ ಮನುಷ್ಯನೇ ಒಂದು ನಾಳವನ್ನು ಕಟ್ಟಿಕೊಟ್ಟರೆ ಹೇಗೆ?

ಬಾಸ್ಟನ್ನಿನ ಶಸ್ತ್ರವೈದ್ಯ ರಾಬರ್ಟ್ ಗ್ರಾಸ್ 1938ರಲ್ಲಿ, ಮುಚ್ಚದೆ ಉಳಿದ ಇದೇ ನಾಳವನ್ನು ಕಟ್ಟಿ ಮುಚ್ಚುವುದರಲ್ಲಿ ಯಶಸ್ವಿಯಾಗಿದ್ದರು. ಟಾಸಿಗ್ ಅವರಲ್ಲಿಗೆ ಹೋಗಿ ತಮ್ಮ ಯೋಚನೆಯನ್ನು ಮುಂದಿಟ್ಟರು. ಮುಚ್ಚುವ ಕೀರ್ತಿಯಲ್ಲಿದ್ದವರಿಗೆ ಹೊಸದಾಗಿ ತೆರೆಯುವ ಮಾತು ಹಿಡಿಸಲಿಲ್ಲ. ಬರಿಗೈಯಲ್ಲಿ ಮರಳಿದ ಟಾಸಿಗ್ ಕಾಯ್ದರು. 1941ರಲ್ಲಿ ಆಲ್‌ಫ್ರೆಡ್ ಬ್ಲೇಲಾಕ್ ಎಂಬ ಶಸ್ತ್ರವೈದ್ಯರು ಹಾಪ್‌ಕಿನ್ಸ್‌ಗೆ ಬಂದರು. ಅವರ ಜೊತೆಗೆ ಬಂದವರು ಪ್ರಯೋಗಶಾಲೆಯ ಸಹಾಯಕ ವಿವಿಯನ್ ಥಾಮಸ್. ಕೊಳಾಯಿ ಕೆಲಸದವನು ನಳಿಗೆಗಳನ್ನು ಬದಲಾಯಿಸುವಂತೆ ರಕ್ತದ ದಾರಿಯನ್ನು ಬದಲಿಸಲು ಸಾಧ್ಯವಿಲ್ಲವೇ ಎಂದು ಟಾಸಿಗ್ ಅವರಿಬ್ಬರ ಮುಂದೆ ಪ್ರಶ್ನೆಯಿಟ್ಟರು.

ಇಲ್ಲಿ ವಿವಿಯನ್ ಥಾಮಸ್ ಅವರ ವಿಷಯವನ್ನು ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ. ಕಪ್ಪು ಜನಾಂಗದ ಈ ತರುಣ ಬಡಗಿಯ ಮಗ, ತಾನೂ ಬಡಗಿಕೆಲಸ ಬಲ್ಲವನು. ವೈದ್ಯನಾಗಬೇಕೆಂದು ಕೂಡಿಟ್ಟಿದ್ದ ಹಣ ಆರ್ಥಿಕ ಕುಸಿತದ ದಿನಗಳಲ್ಲಿ ಬ್ಯಾಂಕು ಮುಳುಗಿದಾಗ ಅದರೊಂದಿಗೇ ಮುಳುಗಿತು. 1930ರಲ್ಲಿ ಟೆನೆಸ್ಸಿಯ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ಬ್ಲೇಲಾಕ್ ಅವರ ಪ್ರಯೋಗಶಾಲೆಯನ್ನು ಸೇರಿದಾಗ, ಮಾಡುವುದು ಸಂಶೋಧನೆಯ ಕೆಲಸವಾದರೂ ಸಂಬಳದ ಪಟ್ಟಿಯಲ್ಲಿ ಅವರಿಗಿದ್ದ ದರ್ಜೆ ಕಸ ಗುಡಿಸುವ ಆಳಿನದು. ತೋಳಿಗೆ ಹೋಗುವ ಅಪಧಮನಿಯನ್ನು ತಿರುಗಿಸಿ ಶ್ವಾಸಕೋಶದ ಅಪಧಮನಿಗೆ ಹೊಲಿಯುವ ವಿದ್ಯೆಯನ್ನು ನಾಯಿಗಳ ಮೇಲೆ ಪ್ರಯೋಗಿಸುತ್ತ ಪಳಗಿಸಿದವರು, ಅದಕ್ಕೆ ತಕ್ಕ ಸೂಜಿ, ಚಿಮುಟಗಳನ್ನು ಹೊಂದಿಸಿದವರು ಈ ಥಾಮಸ್.

1944ರ ನವೆಂಬರ್ 29ರಂದು ಹದಿನೈದು ತಿಂಗಳ ಒಂದು ಹೆಣ್ಣುಮಗುವನ್ನು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗಿಸಲಾಯಿತು. ತೂಕ ಐದು ಕಿಲೋಗ್ರಾಂ ಕೂಡ ಇರಲಿಲ್ಲ. ಬ್ಲೇಲಾಕ್ ಕತ್ತರಿ ಹಿಡಿದರು. ಥಾಮಸ್ ಅವರ ಬೆನ್ನ ಹಿಂದೆ ಒಂದು ಮೆಟ್ಟಿಲುಮಣೆಯ ಮೇಲೆ ನಿಂತು, ಹೆಗಲ ಮೇಲಿಂದ ನೋಡುತ್ತ ಹೊಲಿಗೆಯ ದಿಕ್ಕನ್ನು ಸೂಚಿಸುತ್ತಿದ್ದರು. ಟಾಸಿಗ್ ಮಗುವಿನ ತಲೆಯ ಬಳಿ ನಿಂತಿದ್ದರು. ಆ ಮಗು ಬದುಕಿ ಮನೆಗೆ ಹೋಯಿತು. ಕೆಲವು ತಿಂಗಳುಗಳ ನಂತರ ಮತ್ತೆ ಕುಗ್ಗಿ ತೀರಿಕೊಂಡಿತು. ಈ ಎರಡನೆಯ ವಾಕ್ಯವನ್ನು ಎಷ್ಟೋ ಪುಸ್ತಕಗಳು ಬಿಟ್ಟುಬಿಡುತ್ತವೆ. ಟಾಸಿಗ್ ಅವರ ಮುಂದಿನ ಬಾಳನ್ನು ತಿಳಿಯಲು ಅದೂ ಬೇಕು. 1945ರ ಫೆಬ್ರವರಿಯಲ್ಲಿ ಇನ್ನಿಬ್ಬರು ಮಕ್ಕಳಿಗೆ ಇದೇ ಚಿಕಿತ್ಸೆಯಾಯಿತು. ಅವರಲ್ಲಿ ಒಬ್ಬ ಆರು ವರ್ಷದ ಹುಡುಗ. ಹೊಲಿಗೆ ಮುಗಿಸಿ ಹಿಡಿಕೆಗಳನ್ನು ಸಡಿಲಿಸಿದೊಡನೆ ಅವನ ನೀಲಿ ತುಟಿಗಳು ಮೇಜಿನ ಮೇಲೆಯೇ ಕೆಂಪೇರಿದವು. ಆ ವರ್ಷದ ಮೇ ತಿಂಗಳಲ್ಲಿ ಮೂವರು ರೋಗಿಗಳ ವೃತ್ತಾಂತ ಬ್ಲೇಲಾಕ್ ಮತ್ತು ಟಾಸಿಗ್ ಹೆಸರಿನಲ್ಲಿ ಅಮೆರಿಕಾದ ವೈದ್ಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಥಾಮಸ್ ಅವರ ಹೆಸರು ಅದರಲ್ಲಿ ಇರಲಿಲ್ಲ. ಅದೇ ಸಂಸ್ಥೆ ಅವರ ಭಾವಚಿತ್ರವನ್ನು ಗೋಡೆಗೇರಿಸಿದ್ದು 1971ರಲ್ಲಿ, ಗೌರವ ಡಾಕ್ಟರೇಟನ್ನು ಕೊಟ್ಟದ್ದು 1976ರಲ್ಲಿ.

ಸುದ್ದಿ ಹರಡಿದಂತೆ ದೇಶದೇಶಗಳಿಂದ ತಾಯಂದಿರು ನೀಲಿ ಮಕ್ಕಳನ್ನು ಎತ್ತಿಕೊಂಡು ಬಾಲ್ಟಿಮೋರಿಗೆ ಬಂದರು. ಕೆಲವೇ ವರ್ಷಗಳಲ್ಲಿ ಸಾವಿರಕ್ಕೂ ಹೆಚ್ಚು ಮಕ್ಕಳಿಗೆ ಈ ಚಿಕಿತ್ಸೆ ನಡೆಯಿತು. ಹದಿನೇಳು ವರ್ಷಗಳ ಅನುಭವವನ್ನು ಟಾಸಿಗ್ ಹುಟ್ಟಿನ ಹೃದಯದೋಷಗಳನ್ನು ಕುರಿತ ಬೃಹದ್ಗ್ರಂಥವಾಗಿ 1947ರಲ್ಲಿ ಹೊರತಂದರು; 1960ರಲ್ಲಿ ಅದೇ ಎರಡು ಸಂಪುಟಗಳಾಗಿ ಬೆಳೆಯಿತು. ಮಕ್ಕಳ ಹೃದಯವೈದ್ಯವೆಂಬ ಪ್ರತ್ಯೇಕ ಶಾಖೆ ವೈದ್ಯಶಾಸ್ತ್ರದಲ್ಲಿ ನೆಲೆಗೊಂಡದ್ದು ಈ ಗ್ರಂಥದ ಆಧಾರದ ಮೇಲೆ ಎನ್ನಬಹುದು.

ಆದರೆ ಕೆಂಪಾದ ತುಟಿಯನ್ನು ಕಂಡು ಜಗತ್ತು ಹರ್ಷಪಡುತ್ತಿದ್ದಾಗ, ಟಾಸಿಗ್ ಅವರಿಗೆ ತಿಳಿದಿದ್ದ ಸತ್ಯ ಬೇರೆ. ಈ ಚಿಕಿತ್ಸೆಯಿಂದ ಹೃದಯದ ಮೂಲದೋಷ ನೀಗಿರಲಿಲ್ಲ; ಗೋಡೆಯ ರಂಧ್ರ ಹಾಗೆಯೇ ಇತ್ತು, ಕಿರಿದಾದ ದಾರಿ ಕಿರಿದಾಗಿಯೇ ಇತ್ತು. ಒಂದು ಅಡ್ಡದಾರಿಯನ್ನು ಮಾತ್ರ ಕಟ್ಟಿಕೊಟ್ಟಂತಾಗಿತ್ತು. ಮಗು ಬೆಳೆದಂತೆ ಆ ದಾರಿ ಸಾಲದೆ ಬರಬಹುದು, ಇಲ್ಲವೆ ಅತಿಯಾಗಿ ಹರಿದು ಶ್ವಾಸಕೋಶದ ನಾಳಗಳನ್ನೇ ಕೆಡಿಸಬಹುದು. ಹಲ್ಲು ಕೀಳಿಸಿದಾಗ ರಕ್ತಕ್ಕೆ ಸೇರಿದ ಕ್ರಿಮಿ ಹೃದಯದಲ್ಲಿ ನೆಲೆಮಾಡಬಹುದು. ಹೆಣ್ಣುಮಗುವಾದರೆ ಮುಂದೆ ಬಸುರಿಯಾದಾಗ ಹೃದಯ ಆ ಭಾರವನ್ನು ತಡೆದೀತೇ ಎಂಬ ಪ್ರಶ್ನೆ ಏಳುತ್ತದೆ. ತೀರ ಸರಳವಾದ ಒಂದು ಸಂಗತಿಯನ್ನು ನೋಡಿ: ತೋಳಿನ ಅಪಧಮನಿಯನ್ನು ತಿರುಗಿಸಿ ಹೊಲಿದ ಮೇಲೆ ಆ ಕೈಯಲ್ಲಿ ನಾಡಿ ಸರಿಯಾಗಿ ಸಿಗುವುದಿಲ್ಲ, ರಕ್ತದೊತ್ತಡವೂ ತಪ್ಪಾಗಿ ಕಾಣುತ್ತದೆ. ಇಪ್ಪತ್ತು ವರ್ಷಗಳ ನಂತರ ಬೇರೊಂದು ಊರಿನಲ್ಲಿ, ಬೇರೊಂದು ಕಾಯಿಲೆಗೆಂದು ಬಂದ ರೋಗಿಯ ಆ ಕೈಯನ್ನೇ ಹಿಡಿದ ವೈದ್ಯನಿಗೆ ಹಳೆಯ ಕಥೆ ಗೊತ್ತಿಲ್ಲದಿದ್ದರೆ? ರೋಗಿಗೋ ಎರಡು ವರ್ಷದ ಮಗುವಾಗಿದ್ದಾಗ ನಡೆದುದರ ನೆನಪಿಲ್ಲ. ತಾಯಿತಂದೆಗಳು ಇರಬಹುದು, ಇಲ್ಲದಿರಬಹುದು. ಹಾಗಾದರೆ ಆ ಹೃದಯದ ಚರಿತ್ರೆಯನ್ನು ಕಾಪಾಡಿಕೊಂಡು ಬರುವವರು ಯಾರು?

ಈ ಹೊಣೆಯನ್ನು ಟಾಸಿಗ್ ತಮ್ಮ ಮೇಲೆಯೇ ಹಾಕಿಕೊಂಡರು. ಶಸ್ತ್ರವೈದ್ಯನ ಕೆಲಸ ಕೆಲವು ತಾಸುಗಳದು. ತಮ್ಮದು ಆಯುಷ್ಯದ ಕೆಲಸ ಎಂಬಂತೆ ಅವರು ನಡೆದುಕೊಂಡರು. ಪ್ರತಿಯೊಬ್ಬ ರೋಗಿಯ ಕಡತವನ್ನೂ ಬೆಳೆಸುತ್ತ ಹೋದರು. ಮಕ್ಕಳು ದೊಡ್ಡವರಾಗಿ ದೇಶದ ಮೂಲೆಮೂಲೆಗಳಲ್ಲಿ ಚದುರಿದ ಮೇಲೆಯೂ ಪತ್ರವ್ಯವಹಾರ ನಿಲ್ಲಲಿಲ್ಲ. ಮದುವೆಯಾಗದೆ ಉಳಿದ ಅವರಿಗೆ ಈ ಮಕ್ಕಳೇ ಒಂದು ಕುಟುಂಬವಾದರು. 1954ರಲ್ಲಿ ಮಿನ್ನೆಸೋಟದ ವಾಲ್ಟನ್ ಲಿಲ್ಲೆಹೈ ಹೃದಯವನ್ನೇ ತೆರೆದು ಫ್ಯಾಲೋ ಚತುರ್ದೋಷವನ್ನು ಪೂರ್ಣವಾಗಿ ಸರಿಪಡಿಸುವ ಶಸ್ತ್ರಚಿಕಿತ್ಸೆಯನ್ನು ನಡೆಸಿದ ಬಳಿಕ, ಹಳೆಯ ಮಕ್ಕಳಲ್ಲಿ ಯಾರಿಗೆ ಎರಡನೆಯ ಚಿಕಿತ್ಸೆ ಬೇಕು, ಯಾವಾಗ ಬೇಕು, ಯಾರನ್ನು ಹಾಗೆಯೇ ಬಿಡುವುದು ಮೇಲು ಎಂಬ ತೂಕದ ತೀರ್ಮಾನಗಳು ಎದುರಾದವು. ಹಳೆಯ ಕಡತವಿಲ್ಲದೆ ಅಂತಹ ತೀರ್ಮಾನ ಸಾಧ್ಯವೇ ಇರಲಿಲ್ಲ.

1963ರಲ್ಲಿ ನಿವೃತ್ತರಾದ ಮೇಲೆ ಹೆಚ್ಚಿನವರು ಕಡತಗಳನ್ನು ಇತರರಿಗೆ ಒಪ್ಪಿಸಿ ಕೈ ತೊಳೆದುಕೊಳ್ಳುತ್ತಾರೆ. ಟಾಸಿಗ್ ಆಗಲೇ ಅವನ್ನು ಮತ್ತೆ ಬಿಚ್ಚಿದರು. 1945ರಿಂದ ಮೊದಲ ಕೆಲವು ವರ್ಷಗಳಲ್ಲಿ ಶಸ್ತ್ರಚಿಕಿತ್ಸೆಗೊಳಗಾದ ಮಕ್ಕಳೆಲ್ಲ ಈಗ ಏನಾಗಿದ್ದಾರೆಂಬುದನ್ನು ಹುಡುಕಿ, 1971ರಿಂದ ಆರಂಭಿಸಿ ಲೇಖನಮಾಲೆಯೊಂದನ್ನೇ ಪ್ರಕಟಿಸಿದರು. ಅದರಲ್ಲಿ ಇಪ್ಪತ್ತೆಂಟು ವರ್ಷಗಳವರೆಗೆ ಬೆನ್ನುಹತ್ತಿ ನೋಡಿದ ರೋಗಿಗಳ ವಿವರಗಳಿವೆ. ಯಾರು ಬದುಕಿದ್ದಾರೆ, ಯಾರು ಯಾವ ಕಾರಣದಿಂದ ತೀರಿದರು ಎಂಬಲ್ಲಿಗೆ ಅವರ ವಿಚಾರಣೆ ನಿಲ್ಲಲಿಲ್ಲ. ಎಷ್ಟು ಓದಿದರು, ಯಾವ ಉದ್ಯೋಗ ಹಿಡಿದರು, ಮದುವೆಯಾಯಿತೇ, ಮಕ್ಕಳಾದವೇ ಎಂಬುದನ್ನೂ ಕೇಳಿದರು. ಉಸಿರಾಡುತ್ತಿರುವುದಷ್ಟೇ ಬಾಳಲ್ಲವೆಂಬುದು ಈ ಪ್ರಶ್ನೆಗಳ ಹಿಂದಿದ್ದ ಭಾವ. ಸತ್ತವರ ಲೆಕ್ಕವನ್ನೂ ಮರೆಮಾಚದೆ ಮುಂದಿಟ್ಟದ್ದು ಅವರ ಪ್ರಾಮಾಣಿಕತೆಗೆ ಸಾಕ್ಷಿ.

ಅವರ ಕೈಕೆಳಗೆ ನೂರಕ್ಕೂ ಮಿಕ್ಕು ತರುಣ ವೈದ್ಯರು ತರಬೇತಿ ಪಡೆದು ನಾನಾ ದೇಶಗಳಿಗೆ ಹೋಗಿ ಮಕ್ಕಳ ಹೃದಯ ಚಿಕಿತ್ಸಾಲಯಗಳನ್ನು ಕಟ್ಟಿದರು. ನಮ್ಮ ದೇಶದ ಮೊದಲ ಹೃದಯವೈದ್ಯೆಯೆಂದು ಹೆಸರಾದ ಡಾ॥ ಎಸ್. ಪದ್ಮಾವತಿಯವರೂ ಹಾಪ್‌ಕಿನ್ಸ್‌ನಲ್ಲಿ ಟಾಸಿಗ್ ಅವರ ಬಳಿ ಕಲಿತವರೇ. ಅವರು ದೆಹಲಿಗೆ ಬಂದು ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ ಹೃದಯ ಚಿಕಿತ್ಸಾಲಯವನ್ನು ಆರಂಭಿಸಿ, 2020ರಲ್ಲಿ ನೂರಮೂರನೆಯ ವಯಸ್ಸಿನಲ್ಲಿ ನಿಧನರಾದರು.

ಟಾಸಿಗ್ ಅವರ ಇನ್ನೊಂದು ಸೇವೆಯೂ ಶಿಶುಗಳಿಗೇ ಸಂಬಂಧಿಸಿದ್ದು. ಪಶ್ಚಿಮ ಜರ್ಮನಿಯಲ್ಲಿ ಕೈಕಾಲುಗಳು ಮೊಟಕಾದ ಮಕ್ಕಳು ಹೆಚ್ಚುಹೆಚ್ಚಾಗಿ ಹುಟ್ಟುತ್ತಿರುವ ಸುದ್ದಿಯನ್ನು 1962ರಲ್ಲಿ ಶಿಷ್ಯರೊಬ್ಬರಿಂದ ಕೇಳಿ, ತಾವೇ ಅಲ್ಲಿಗೆ ಹೋಗಿ ನೋಡಿದರು. ಬಸುರಿಯರು ನಿದ್ರೆಗೂ ವಾಂತಿಗೂ ನುಂಗುತ್ತಿದ್ದ ಥ್ಯಾಲಿಡೊಮೈಡ್ ಗುಳಿಗೆಯೇ ಕಾರಣವೆಂಬುದು ಮನದಟ್ಟಾದ ಮೇಲೆ ಮರಳಿ ಬಂದು, ವೈದ್ಯರ ಸಭೆಗಳಲ್ಲಿಯೂ ಸಂಸತ್ತಿನ ಸಮಿತಿಯ ಮುಂದೆಯೂ ಎಚ್ಚರಿಕೆ ಕೊಟ್ಟರು. ಔಷಧ ಇಲಾಖೆಯ ಡಾ॥ ಫ್ರಾನ್ಸಿಸ್ ಕೆಲ್ಸಿ ಆ ಗುಳಿಗೆಗೆ ಅನುಮತಿಯನ್ನು ತಡೆಹಿಡಿದಿದ್ದರು. ಇವರಿಬ್ಬರ ದೃಢತೆ ಅದೇ ವರ್ಷ ಔಷಧಗಳ ಕಾನೂನು ಬಿಗಿಯಾಗಲು ಸಹಾಯಕವಾಯಿತು.

ಮನ್ನಣೆಗಳು ತಡವಾಗಿಯಾದರೂ ಬಂದವು. 1954ರಲ್ಲಿ ಲಾಸ್ಕರ್ ಪ್ರಶಸ್ತಿ, 1959ರಲ್ಲಿ ಹಾಪ್‌ಕಿನ್ಸ್‌ನ ಪೂರ್ಣ ಪ್ರಾಧ್ಯಾಪಕ ಪದವಿ, 1964ರಲ್ಲಿ ಅಧ್ಯಕ್ಷ ಜಾನ್ಸನ್ ಅವರಿಂದ ಸ್ವಾತಂತ್ರ್ಯಪದಕ, 1965ರಲ್ಲಿ ಅಮೆರಿಕಾದ ಹೃದಯ ಸಂಘದ ಅಧ್ಯಕ್ಷತೆ. ಆ ಪೀಠವನ್ನೇರಿದ ಮೊದಲ ಮಹಿಳೆ ಅವರು. ಜಗತ್ತೆಲ್ಲ ಹೆಸರು ಹೇಳುತ್ತಿದ್ದ ವೈದ್ಯೆಗೆ ಸ್ವಂತ ಸಂಸ್ಥೆ ಪ್ರಾಧ್ಯಾಪಕ ಪದವಿಯನ್ನು ಕೊಡಲು ಅರುವತ್ತೊಂದನೆಯ ವರ್ಷದವರೆಗೆ ಏಕೆ ಕಾಯಿಸಿತೆಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು.

ಅವರು ಒಬ್ಬರೇ ಪತ್ರ ಬರೆದು ನಡೆಸಿಕೊಂಡು ಬಂದ ಕೆಲಸಕ್ಕೆ ಮುಂದೆ ಒಂದು ವೈದ್ಯಶಾಖೆಯೇ ಬೇಕಾಯಿತು. ಸಾವಿರ ಮಕ್ಕಳಲ್ಲಿ ಎಂಟೊಂಬತ್ತು ಮಕ್ಕಳು ಹೃದಯದ ದೋಷದೊಂದಿಗೆ ಹುಟ್ಟುತ್ತವೆ; ಚಿಕಿತ್ಸೆ ಸುಲಭವಾಗಿ ದೊರೆಯುವ ದೇಶಗಳಲ್ಲಿ ಅವುಗಳಲ್ಲಿ ಬಹುಪಾಲು ಬೆಳೆದು ದೊಡ್ಡವರಾಗುವುದರಿಂದ, ಅಲ್ಲಿ ಇಂದು ಇಂತಹ ಹೃದಯವುಳ್ಳ ಮಕ್ಕಳಿಗಿಂತ ವಯಸ್ಕರ ಸಂಖ್ಯೆಯೇ ಹೆಚ್ಚು. ಪೂರ್ಣ ದುರಸ್ತಿಯಾಯಿತೆಂದು ನಂಬಿದ್ದ ಹೃದಯಗಳಲ್ಲಿಯೂ ಮೂವತ್ತು ನಲವತ್ತು ವರ್ಷಗಳ ನಂತರ ಕವಾಟದ ಸೋರಿಕೆ, ಮಿಡಿತದ ಏರುಪೇರು ತಲೆದೋರುವುದುಂಟು. ಮಕ್ಕಳ ವೈದ್ಯನನ್ನು ಬಿಟ್ಟು ದೊಡ್ಡವರ ವೈದ್ಯನನ್ನು ಸೇರುವ ಹದಿನೆಂಟರ ಹೊಸ್ತಿಲಿನಲ್ಲಿಯೇ ಎಷ್ಟೋ ತರುಣರು ಎರಡೂ ಕಡೆ ಕಾಣದೆ ಕಳೆದುಹೋಗುತ್ತಾರೆ; ಮೈಯಲ್ಲಿ ನೋವಿಲ್ಲವಾದ್ದರಿಂದ ತಪಾಸಣೆ ಏಕೆಂಬ ಭಾವ. ಅಮೆರಿಕಾದಲ್ಲಿ ವಯಸ್ಕರ ಜನ್ಮಜಾತ ಹೃದ್ರೋಗಕ್ಕೆಂದೇ ವೈದ್ಯರಿಗೆ ಪ್ರತ್ಯೇಕ ಅರ್ಹತಾ ಪರೀಕ್ಷೆ ಮೊದಲ ಬಾರಿ ನಡೆದದ್ದು 2015ರಲ್ಲಿ. ನವಜಾತ ನೀಲಿ ಶಿಶುವಿನ ಡಕ್ಟಸ್ ಮುಚ್ಚದಂತೆ ಪ್ರೋಸ್ಟಗ್ಲ್ಯಾಂಡಿನ್ ಔಷಧವನ್ನು ಹನಿಹನಿಯಾಗಿ ಕೊಡುವ ಪದ್ಧತಿ 1970ರ ದಶಕದ ನಡುವಿನಲ್ಲಿ ಬಂತು. ಹ್ಯಾರಿಯೆಟ್ ಲೇನ್‌ನಲ್ಲಿ ಟಾಸಿಗ್ ಅವರು ಕಂಡುಕೊಂಡ ಸಂಗತಿಯೇ ಅದರ ಬೀಜ.

ಕೊನೆಯ ವರ್ಷಗಳನ್ನು ಅವರು ಪೆನ್ಸಿಲ್ವೇನಿಯಾದ ಕೆನೆಟ್ ಸ್ಕ್ವೇರ್ ಎಂಬ ಊರಿನಲ್ಲಿ ಕಳೆದರು. ಹಕ್ಕಿಗಳ ಹೃದಯಗಳಲ್ಲಿಯೂ ಮನುಷ್ಯಶಿಶುವಿನಲ್ಲಿರುವಂತಹ ದೋಷಗಳೇ ಇರುವುದನ್ನು ಕಂಡು, ಈ ದೋಷಗಳ ಮೂಲ ಜೀವವಿಕಾಸದಲ್ಲಿಯೇ ಎಷ್ಟು ಹಿಂದಕ್ಕೆ ಹೋಗುತ್ತದೆಂಬುದನ್ನು ಹುಡುಕುತ್ತಿದ್ದರು. ಎಂಬತ್ತು ದಾಟಿದ ಮೇಲೆ ಹೊಸದಾಗಿ ಹಿಡಿದ ಕಾಯಕವಿದು. 1986ರ ಮೇ 20ರಂದು, ಎಂಬತ್ತೆಂಟು ತುಂಬಲು ನಾಲ್ಕು ದಿನಗಳಿರುವಾಗ, ಮತಗಟ್ಟೆಗೆ ಗೆಳತಿಯರನ್ನು ತಮ್ಮ ಕಾರಿನಲ್ಲಿ ಕರೆದೊಯ್ಯುತ್ತಿದ್ದ ಸಂದರ್ಭದಲ್ಲಿ ನಡೆದ ಅಪಘಾತದಲ್ಲಿ ಅವರು ತೀರಿಕೊಂಡರು. ಅವರ ಇಚ್ಛೆಯಂತೆ ದೇಹವನ್ನು ಜಾನ್ಸ್ ಹಾಪ್‌ಕಿನ್ಸ್ ವೈದ್ಯಶಾಲೆಗೆ ಒಪ್ಪಿಸಲಾಯಿತು. ಹೃದಯದೋಷಗಳ ಜೀವವಿಕಾಸದ ಮೂಲವನ್ನು ಕುರಿತ ಅವರ ಲೇಖನ ಎರಡು ವರ್ಷಗಳ ನಂತರ, 1988ರಲ್ಲಿ, ಅಚ್ಚಾಗಿ ಹೊರಬಂತು.